ಹೊಲದ ದಾರಿಗೆ ಕಂಟಿ ಕಡಿಯೋ ಯಂತ್ರ: ಕತ್ತಿಗಿಂತ ಮೊದಲು ಕವಚ ಮಾಡ್ರಿ



ಈ ವಾರ ಬೀಜ, ಗೊಬ್ಬರ, ಕಾಯಿಕೊರಕದ ಮಾತಲ್ಲ. ದಾರಿಯ ಮಾತು. ಬೆಳೆ ಎಷ್ಟೇ ಚೆನ್ನಾಗಿ ಬಂದರೂ ಅದು ಹೊಲದಿಂದ ಮನೆಗೆ, ಮನೆಯಿಂದ ಮಾರ್ಕೆಟ್‌ಗೆ ಬರಬೇಕಲ್ಲ? ಆ ದಾರಿನೇ ಮುಚ್ಚಿಹೋದರೆ ಏನು ಮಾಡೋದು?

ನಮ್ಮದು ಕಲಬುರಗಿ ಹತ್ತಿರದ ಶರಣಸಿರಸಗಿ. ಕಪ್ಪು ಮಣ್ಣು, ತೊಗರಿ ನಾಡು. ನಮ್ಮ ಹೊಲಕ್ಕೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಬಂಡಿ ದಾರಿ ಇದೆ. ನಮ್ಮ ಮುತ್ಯಾನ ಕಾಲದಲ್ಲಿ ಅಲ್ಲಿ ಎರಡು ಬಂಡಿ ಎದುರುಬದುರು ದಾಟುತ್ತಿದ್ದವಂತೆ. ನಾನು ನೋಡುವ ಹೊತ್ತಿಗೆ ಎರಡೂ ಬದಿಯಿಂದ ಬಳ್ಳಾರಿ ಜಾಲಿ ಒತ್ತಿಕೊಂಡು ಬಂದು ಬೈಕ್ ಹೋಗುವಷ್ಟು ಮಾತ್ರ ಸಂದಿ ಉಳಿದಿತ್ತು.

ಎರಡು ವರ್ಷದ ಹಿಂದೆ ಜನವರಿಯಲ್ಲಿ ತೊಗರಿ ಕೊಯ್ದು ಬಣವಿ ಒಟ್ಟಿದ್ದೆವು. ರಾಶಿ ಮಷೀನ್ ಬಂತು. ಅರ್ಧ ದಾರಿಗೆ ಬಂದ ಡ್ರೈವರ್ ಕೆಳಗಿಳಿದು ಟೈರ್ ನೋಡಿದ. "ಅಣ್ಣಾ, ಮುಂದ ಬರಂಗಿಲ್ಲ. ಮುಳ್ಳು ನೋಡ್ರಿ ಎಷ್ಟು ಉದ್ದ ಅದಾವ. ಒಂದು ಟೈರ್ ಹೋದ್ರ ನನ್ನ ವಾರದ ಗಳಿಕಿನೇ ಹೋಯ್ತು" ಅಂದ. ಅವನ ಮಾತು ಖರೆನೇ ಇತ್ತು. ಅವನು ಮಷೀನ್ ಹಿಂದಕ್ಕೆ ತೆಗೆದುಕೊಂಡು ಹೋದ. ನಾವು ಆಳು ಹಚ್ಚಿ ಆ ಬಣವಿಯನ್ನ ಹೊರೆ ಹೊರೆಯಾಗಿ ತಲೆ ಮೇಲೆ ಹೊತ್ತು ರಸ್ತೆಗೆ ತಂದೆವು. ಮೂರು ದಿನ. ದಾರಿ ತುಂಬಾ ಕಾಯಿ ಉದುರಿತು. ಅವ್ವ ಸಂಜೆ ಕೂತು ಆ ಉದುರಿದ ಕಾಯಿ ಆರಿಸುವುದನ್ನ ನೋಡಿ, ಈ ಕಂಟಿಗೆ ಒಂದು ಗತಿ ಕಾಣಿಸಲೇಬೇಕು ಅಂತ ತೀರ್ಮಾನ ಮಾಡಿದೆ.

ಆಮೇಲೆ ಟ್ರ್ಯಾಕ್ಟರ್‌ಗೆ ಕಟ್ಟುವ ಕಂಟಿ ಕಡಿಯೋ ಯಂತ್ರ ಮಾಡಿದೆ. ಒಂದಲ್ಲ, ಮೂರು ಸಲ ಮಾಡಿದೆ. ಮೊದಲನೆಯದು ಕಡಿಯಲಿಲ್ಲ. ಎರಡನೆಯದು ನಮ್ಮ ಮನೆ ಹುಡುಗನ ಜೀವಕ್ಕೇ ಬರುತ್ತಿತ್ತು. ಮೂರನೆಯದು ಈಗಲೂ ಕೆಲಸ ಮಾಡುತ್ತಿದೆ. ಈ ಮೂರರಿಂದ ನಾನು ಕಲಿತದ್ದನ್ನ ನೀವು ಒಂದೇ ಸಲಕ್ಕೆ ಕಲಿಯಲಿ ಅಂತ ಈ ಪಾಠ.

ಮೊದಲು ವೈರಿ ಯಾರು ಅಂತ ತಿಳ್ಕೊಳ್ಳಿ

ನಮ್ಮ ದಾರಿ ಮುಚ್ಚುವುದರಲ್ಲಿ ಮುಕ್ಕಾಲು ಪಾಲು ಬಳ್ಳಾರಿ ಜಾಲಿಯದು. ಇದು ನಮ್ಮ ನೆಲದ ಗಿಡವಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ. 19ನೇ ಶತಮಾನದಲ್ಲಿ ಬರಡು ಭೂಮಿ ಹಸಿರು ಮಾಡಲು, ಉರುವಲಿಗಾಗಿ ಭಾರತಕ್ಕೆ ತಂದರು. ಕುರಿ, ಆಡು, ದನ ಇದರ ಸಿಹಿ ಕಾಯಿ ತಿಂದು ಹೋದಲ್ಲೆಲ್ಲ ಹಿಕ್ಕಿಯಲ್ಲಿ, ಸಗಣಿಯಲ್ಲಿ ಬೀಜ ಬಿತ್ತುತ್ತವೆ. ದನ ನಡೆಯುವ ದಾರಿ ಬದಿಯಲ್ಲೇ ಇದು ಸಾಲಾಗಿ ಏಳುವುದು ಅದಕ್ಕೇ.

ಎಲ್ಲಾ ಜಾಲಿಯೂ ವೈರಿಯಲ್ಲ. ಕರಿಜಾಲಿ ನಮ್ಮದೇ ಗಿಡ. ಬಂಡಿಗೆ, ಕುಂಟೆಗೆ, ಹಿಡಿಕೆಗೆ ಅದರ ಕಟ್ಟಿಗೆ ಬೇಕು. ಅದಕ್ಕೆ ಹಳದಿ ಗುಂಡು ಹೂ, ಮಣಿ ಪೋಣಿಸಿದಂಥ ಕಾಯಿ. ಬಳ್ಳಾರಿ ಜಾಲಿಗೆ ಉದ್ದ ತೆನೆಯಂಥ ಹೂ, ಉದ್ದನೆ ಹಳದಿ ಕಾಯಿ. ದಸರೆಗೆ ಪೂಜೆ ಮಾಡುವ ಬನ್ನಿಯನ್ನೂ ಗುರುತು ಹಿಡಿಯಿರಿ. ಯಂತ್ರಕ್ಕೆ ಯಾವ ಗಿಡ ಯಾವುದು ಅಂತ ಗೊತ್ತಾಗಲ್ಲ, ನಿಮಗೆ ಗೊತ್ತಿರಬೇಕು.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ. ಬಳ್ಳಾರಿ ಜಾಲಿಯನ್ನ ನೆಲಮಟ್ಟಕ್ಕೆ ಕಡಿದರೆ ಸಾಯಲ್ಲ. ಬುಡದಲ್ಲಿ, ಮಣ್ಣಿನೊಳಗೆ ಇರುವ ಮೊಗ್ಗುಗಳಿಂದ ಮತ್ತೆ ಚಿಗುರುತ್ತದೆ. ಒಂದು ಕಾಂಡ ಇದ್ದಲ್ಲಿ ಆರು ಕಾಂಡ ಏಳುತ್ತವೆ. ಹಾಗಾಗಿ ಈ ಯಂತ್ರ ದಾರಿ ತೆರೆಯುತ್ತದೆ ಅಷ್ಟೆ. ದಾರಿ ಉಳಿಸುವ ಕೆಲಸ ಬೇರೆ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲ ಯಂತ್ರ: ಕಡಿಯಲಿಲ್ಲ, ಜಗಿಯಿತು

ಮನೆ ಹಿಂದೆ ಹಳೆ ರೋಟಾವೇಟರ್ ಬಿದ್ದಿತ್ತು. ಅದರ ಗೇರ್ ಬಾಕ್ಸ್ ಬಿಚ್ಚಿ, ಅಡ್ಡ ಶಾಫ್ಟ್ ಕೆಳಮುಖ ಆಗುವ ಹಾಗೆ ತಿರುಗಿಸಿ, ಅದಕ್ಕೆ ನಾಲ್ಕು ಅಡಿ ಉದ್ದದ ಬ್ಲೇಡ್ ಕಟ್ಟಿಸಿದೆ. ಟ್ರ್ಯಾಕ್ಟರ್ ಶುರು ಮಾಡಿ ಕಂಟಿಯೊಳಗೆ ಬಿಟ್ಟೆ. ಕಂಟಿ ಬಾಗಿತು, ಸಿಪ್ಪೆ ಸುಲಿಯಿತು, ಬ್ಲೇಡಿಗೆ ಸುತ್ತಿಕೊಂಡಿತು. ಕಡಿಯಲಿಲ್ಲ.

ಕಲಬುರಗಿಯ ವೆಲ್ಡಿಂಗ್ ಅಂಗಡಿಯ ಚಾಚಾ ನೋಡಿ ನಕ್ಕರು. "ಬೇಟಾ, ಇದು ಕಡಿಯಂಗಿಲ್ಲ, ಬರೀ ಜಗಿತದ. ರೋಟಾವೇಟರ್ ಮಣ್ಣಿಗೆ ಮಾಡಿದ್ದು. ಕಂಟಿಗೆ ಸ್ಪೀಡ್ ಬೇಕು."

ಇಲ್ಲಿ ಒಂದು ಸಣ್ಣ ಲೆಕ್ಕ. ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆಯಿರಿ.

ಬ್ಲೇಡ್ ತುದಿಯ ವೇಗ = 3.14 × ಸುತ್ತಿನ ಅಗಲ (ಮೀಟರ್) × ನಿಮಿಷಕ್ಕೆ ಸುತ್ತು ÷ 60

ಟ್ರ್ಯಾಕ್ಟರ್‌ನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ರೋಟಾವೇಟರ್ ಗೇರ್ ಅದನ್ನ 200ರ ಆಸುಪಾಸಿಗೆ ಇಳಿಸುತ್ತದೆ. ನಾಲ್ಕು ಅಡಿ ಅಂದರೆ 1.2 ಮೀಟರ್. 3.14 × 1.2 × 210 ÷ 60 ಅಂದರೆ ಸೆಕೆಂಡಿಗೆ 13 ಮೀಟರ್. ಗಂಟೆಗೆ 47 ಕಿ.ಮೀ., ಬೈಕ್ ವೇಗ. ಇದರಿಂದ ಹಸಿ ಜಾಲಿ ಕಡಿಯಲ್ಲ.

ಸ್ಲ್ಯಾಶರ್ ಅಂತ ಮಾರುವ ಯಂತ್ರಗಳ ಗೇರ್ ಬಾಕ್ಸ್ ಇದಕ್ಕೆ ಉಲ್ಟಾ. ಅದು ಪಿಟಿಒ ವೇಗವನ್ನ ಸುಮಾರು ಒಂದೂವರೆ ಪಟ್ಟು ಏರಿಸುತ್ತದೆ. 540 ಇದ್ದದ್ದು 790ರ ಹತ್ತಿರ ಆಗುತ್ತದೆ. ಈಗ ಲೆಕ್ಕ ಹಾಕಿ: 3.14 × 1.2 × 790 ÷ 60, ಸೆಕೆಂಡಿಗೆ 50 ಮೀಟರ್. ಗಂಟೆಗೆ 180 ಕಿ.ಮೀ. ಈ ವೇಗದಲ್ಲಿ ಕಂಟಿ ಬಾಗುವುದಕ್ಕೆ ಪುರಸೊತ್ತೇ ಸಿಗಲ್ಲ, ಕಡಿದು ಬೀಳುತ್ತದೆ.

ರೋಟಾವೇಟರ್ ಗೇರ್ ಬಾಕ್ಸ್ ಬೇಡ ಅನ್ನಲು ಇನ್ನೊಂದು ಕಾರಣ: ಅದನ್ನ ತಿರುಗಿಸಿ ಕೂಡಿಸಿದರೆ ಎಣ್ಣೆ ಕೆಳಗೆ ನಿಲ್ಲುತ್ತದೆ, ಮೇಲಿನ ಬೇರಿಂಗ್ ಒಣಗಿ ಸುಟ್ಟುಹೋಗುತ್ತದೆ. ನನ್ನದು ಎರಡನೇ ದಿನವೇ ಬಿಸಿಯಾಗಿ ಕೂಗಲು ಶುರು ಮಾಡಿತ್ತು.

ಎರಡನೇ ಯಂತ್ರ: ಕಡಿಯಿತು, ಆದರೆ...

ಸ್ಲ್ಯಾಶರ್‌ನ ಗೇರ್ ಬಾಕ್ಸ್ ತಂದೆ. ಬ್ಲೇಡಿಗೆ ಗುಜರಿಯಲ್ಲಿ ಸಿಕ್ಕ ಲಾರಿಯ ಸ್ಪ್ರಿಂಗ್ ಪಟ್ಟಿ. ಚಾಚಾ ಆ ದಿನ ಅಂಗಡಿಯಲ್ಲಿ ಇರಲಿಲ್ಲ. ಬೇರೆ ಕಡೆ ಹೋಗಿ ಪಟ್ಟಿಯನ್ನ ನೇರ ಮಾಡಿಸಿ, ಮಧ್ಯದ ಗುಬ್ಬಿಗೆ ವೆಲ್ಡಿಂಗ್ ಹೊಡೆಸಿದೆ. ಮೇಲೆ ಒಂದು ಹಾಳೆ ತಗಡು. ಸುತ್ತ ಏನೂ ಇಲ್ಲ. "ಮೊದಲು ಓಡಲಿ, ಕವಚ ಆಮೇಲೆ ಮಾಡಿದರಾಯ್ತು" ಅಂದುಕೊಂಡೆ. ಗೆಳೆಯರೇ, ಈ "ಆಮೇಲೆ" ಅನ್ನುವ ಮಾತೇ ತಪ್ಪು.

ಯಂತ್ರ ಓಡಿತು. ಕಂಟಿ ಹುಲ್ಲಿನಂತೆ ಬಿತ್ತು. ನನಗೆ ಕುಣಿಯೋ ಹಂಗಾಯ್ತು. ಅಣ್ಣನ ಮಗ, ಹನ್ನೆರಡು ವರ್ಷದವನು, ಮೊಬೈಲ್ ಹಿಡಿದು ಬೇವಿನ ಗಿಡದ ಪಕ್ಕ ನಿಂತು ವಿಡಿಯೋ ತೆಗೆಯುತ್ತಿದ್ದ. ನನ್ನಿಂದ ಐವತ್ತು ಅಡಿ ದೂರ ಇದ್ದಿರಬೇಕು. ಅಷ್ಟು ದೂರ ಸಾಕು ಅಂದುಕೊಂಡಿದ್ದೆ.

ನಮ್ಮ ಕಡೆ ಹೊಲದ ಗಡಿಗೆ ಶಹಾಬಾದಿ ಫರ್ಶಿ ಕಲ್ಲು ನಿಲ್ಲಿಸುವ ರೂಢಿ. ಒಂದು ಕಲ್ಲು ಕಂಟಿಯೊಳಗೆ ಮುಚ್ಚಿಹೋಗಿತ್ತು. ಬ್ಲೇಡ್ ಅದಕ್ಕೆ ಬಡಿಯಿತು. ಬಂದೂಕಿನ ಹಾಗೆ ಸದ್ದು. ಟ್ರ್ಯಾಕ್ಟರ್ ಅದುರಿತು. ನಾನು ಕ್ಲಚ್ ಒತ್ತಿ ಹಿಂದೆ ತಿರುಗಿ ನೋಡಿದರೆ ಬ್ಲೇಡಿನ ಒಂದು ಬದಿ ಇಲ್ಲ. ವೆಲ್ಡಿಂಗ್ ಹತ್ತಿರ ಗಾಜಿನಂತೆ ಮುರಿದಿತ್ತು. ಆ ತುಂಡು ಎಲ್ಲಿ ಅಂತ ಹುಡುಕಿದರೆ ಬೇವಿನ ಗಿಡದ ಬೊಡ್ಡೆಯಲ್ಲಿ ನಾಟಿತ್ತು. ಹುಡುಗ ನಿಂತಲ್ಲಿಂದ ಐದು ಅಡಿ.

ಹುಡುಗನಿಗೆ ಏನೂ ಆಗಲಿಲ್ಲ. ಅವನು ಇನ್ನೂ ಮೊಬೈಲ್ ಹಿಡಿದುಕೊಂಡೇ ನಿಂತಿದ್ದ. ನನ್ನ ಕಾಲು ಮಾತ್ರ ಟ್ರ್ಯಾಕ್ಟರ್ ಇಳಿಯುವಾಗ ನಡುಗುತ್ತಿತ್ತು. ಆವತ್ತು ರಾತ್ರಿ ಅಣ್ಣ ಒಂದು ಮಾತೂ ಬೈಯಲಿಲ್ಲ. ಆ ತುಂಡನ್ನ ಗಿಡದಿಂದ ಕಿತ್ತು ತಂದು ಊಟದ ಮುಂದೆ ಇಟ್ಟ. ಅಷ್ಟೆ. ಬೈದಿದ್ದರೆ ಹಗುರ ಆಗ್ತಿತ್ತು.

ಸೆಕೆಂಡಿಗೆ 50 ಮೀಟರ್ ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಅದು ಬರೀ ಕಂಟಿ ಕಡಿಯುವ ವೇಗ ಅಲ್ಲ. ಕಲ್ಲು ಹಾರುವ ವೇಗವೂ ಅದೇ. ಐವತ್ತು ಅಡಿ ದಾಟಲು ಅರ್ಧ ಸೆಕೆಂಡೂ ಬೇಡ. ಯಾರೂ ತಪ್ಪಿಸಿಕೊಳ್ಳಲು ಆಗಲ್ಲ.

ಮೂರನೇ ಯಂತ್ರ: ಕವಚದಿಂದ ಶುರು

ಒಂದು ತಿಂಗಳು ನಾನು ಆ ಯಂತ್ರ ಮುಟ್ಟಲಿಲ್ಲ. ಆಮೇಲೆ ಚಾಚಾ ಹತ್ತಿರ ಹೋದೆ. ಅವರು ಹೇಳಿದ ಮಾತು: "ಬೇಟಾ, ಕತ್ತಿ ಕಲ್ಲಿಗೆ ಬಡಿಯಂಗಿಲ್ಲ ಅಂತ ತಿಳ್ಕೊಂಡು ಮಷೀನ್ ಮಾಡಬ್ಯಾಡ. ಬಡಿತದ ಅಂತ ತಿಳ್ಕೊಂಡೇ ಮಾಡು." ಈ ಪಾಠದ ಸಾರ ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಕವಚ: ಮೊದಲು ಇದನ್ನೇ ಮಾಡಿದೆವು. ಚಾನೆಲ್ ಕಬ್ಬಿಣದ ಚೌಕಟ್ಟು, ಮೇಲೆ 5 ಮಿ.ಮೀ. ದಪ್ಪದ ಪ್ಲೇಟ್. ಎರಡೂ ಬದಿಗೆ ಬ್ಲೇಡಿಗಿಂತ ಕೆಳಗೆ ಇಳಿಯುವಷ್ಟು ಪ್ಲೇಟಿನ ಗೋಡೆ. ಮುಂದೆ ಕಂಟಿ ಒಳಗೆ ಬರಬೇಕು, ಹಿಂದೆ ಕಡಿದದ್ದು ಹೊರಗೆ ಹೋಗಬೇಕು. ಹಾಗಾಗಿ ಅಲ್ಲಿ ಗೋಡೆ ಬದಲು ಸರಪಳಿ ಪರದೆ. ದಪ್ಪ ಸರಪಳಿ ತುಂಡುಗಳನ್ನ ಒಂದಕ್ಕೊಂದು ತಾಕುವಷ್ಟು ಹತ್ತಿರ ತೂಗುಬಿಡಬೇಕು. ಕಂಟಿ ನುಗ್ಗುತ್ತದೆ, ಕಲ್ಲು ಬಡಿದು ಕೆಳಗೆ ಬೀಳುತ್ತದೆ. ಬದಿ ಗೋಡೆಯ ಕೆಳಗೆ ಜಾರುಪಟ್ಟಿ ಹಾಕಿ. ಬ್ಲೇಡ್ ನೆಲದಿಂದ ಮೂರು ನಾಲ್ಕು ಇಂಚು ಮೇಲೆಯೇ ಇರುವ ಹಾಗೆ ಅದು ನೋಡಿಕೊಳ್ಳುತ್ತದೆ. ಟ್ರ್ಯಾಕ್ಟರ್ ಸೀಟಿನ ಹಿಂದೆ ದಪ್ಪ ಜಾಲರಿ ಕಟ್ಟಿಸಿದೆ.

ತೂಗುವ ಬ್ಲೇಡ್: ಗಟ್ಟಿಯಾಗಿ ಬಿಗಿದ ಒಂದೇ ಪಟ್ಟಿ ಬೇಡ. ಎರಡು ಅಡಿ ಅಗಲದ ಬಾಣಲೆಯಂಥ ದಪ್ಪ ತಟ್ಟೆ, ಅದರ ಎರಡು ತುದಿಗೆ ಬೋಲ್ಟಿನಲ್ಲಿ ತೂಗುವ ಎರಡು ಬ್ಲೇಡ್. ತಿರುಗುವಾಗ ಬ್ಲೇಡ್ ತಾನೇ ಹೊರಕ್ಕೆ ಚಾಚಿ ನಿಲ್ಲುತ್ತದೆ. ಕಲ್ಲಿಗೆ ಬಡಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತಟ್ಟೆಯ ಅಡಿಭಾಗ ದುಂಡಗೆ ಇರುವುದರಿಂದ ಬೊಡ್ಡೆ ಮೇಲೆ ಜಾರಿ ಹೋಗುತ್ತದೆ.

ಬ್ಲೇಡ್ ಯಾವುದು? ಸ್ಲ್ಯಾಶರ್‌ಗೆ ಅಂತಲೇ ಮಾರುವ ತಯಾರಿ ಬ್ಲೇಡ್ ತನ್ನಿ. ಸ್ಪ್ರಿಂಗ್ ಪಟ್ಟಿ ಸವೆಯಲ್ಲ ಖರೆ, ಆದರೆ ವೆಲ್ಡಿಂಗ್ ಬಿಸಿ ತಗುಲಿದ ಜಾಗದಲ್ಲಿ ಪೆಡಸಾಗಿ ಮುರಿಯುತ್ತದೆ. ನನ್ನದು ಮುರಿದದ್ದು ಹಾಗೇ.

ಎರಡು ಬ್ಲೇಡಿನ ತೂಕ ಒಂದೇ ಇರಬೇಕು. ನನ್ನ ಬ್ಲೇಡ್ ಒಂದೊಂದೂ 3 ಕೆ.ಜಿ. 790 ಸುತ್ತಿನಲ್ಲಿ ತಿರುಗುವಾಗ ಆ 3 ಕೆ.ಜಿ. ಬ್ಲೇಡ್ ತನ್ನ ಬೋಲ್ಟನ್ನ ಸುಮಾರು 800 ಕೆ.ಜಿ. ಭಾರದಷ್ಟು ಜೋರಾಗಿ ಎಳೆಯುತ್ತದೆ. ಹೌದು, ಎಂಟು ಕ್ವಿಂಟಲ್. ಅದಕ್ಕೇ ಬೋಲ್ಟ್ ತಲೆ ಮೇಲೆ 10.9 ಅಂತ ಬರೆದದ್ದೇ ಬೇಕು, ನಟ್ಟಿಗೆ ಪಿನ್ ಇರಲೇಬೇಕು. ಎರಡು ಬ್ಲೇಡಿನಲ್ಲಿ 100 ಗ್ರಾಂ ವ್ಯತ್ಯಾಸ ಇದ್ದರೂ ಯಂತ್ರವನ್ನ 27 ಕೆ.ಜಿ. ಬಲದಿಂದ ಸೆಕೆಂಡಿಗೆ 13 ಸಲ ಅಲ್ಲಾಡಿಸಿದ ಹಾಗೆ. ಬೇರಿಂಗ್ ಎಷ್ಟು ದಿನ ಬಾಳುತ್ತದೆ ನೀವೇ ಯೋಚಿಸಿ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿಕೊಂಡು ಬನ್ನಿ. ಒಂದು ಸವೆದರೆ ಎರಡೂ ಬದಲಿಸಿ.

ಸೋಲುವ ಜಾಗ: ಯಂತ್ರಕ್ಕೆ ಏಟು ಬಿದ್ದಾಗ ಎಲ್ಲೋ ಒಂದು ಕಡೆ ಸೋಲಲೇಬೇಕು. ಅದು ಎಲ್ಲಿ ಅಂತ ನಾವೇ ಗೊತ್ತು ಮಾಡಬೇಕು. ಪಿಟಿಒ ಶಾಫ್ಟ್‌ನಲ್ಲಿ ಶಿಯರ್ ಬೋಲ್ಟ್ ಅಂತ ಇರುತ್ತದೆ. ಮೆತ್ತನೆ ಬೋಲ್ಟ್, ಏಟಿಗೆ ತುಂಡಾಗಿ ಗೇರ್ ಬಾಕ್ಸ್ ಉಳಿಸುತ್ತದೆ. ಪದೇ ಪದೇ ತುಂಡಾಗುತ್ತದೆ ಅಂತ ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ಗೇರ್ ಬಾಕ್ಸ್ ಕಳ್ಕೋತಾರೆ. ಡಬ್ಬಿಯಲ್ಲಿ ಹತ್ತು ಬೋಲ್ಟ್ ಇಟ್ಟುಕೊಳ್ಳಿ.

ಬದಿಗೆ ಚಾಚಿದ ಕತ್ತಿ: ಯಂತ್ರ ಟ್ರ್ಯಾಕ್ಟರ್‌ನ ನೇರ ಹಿಂದೆ ಇದ್ದರೆ ಟೈರ್ ಮೊದಲು ಮುಳ್ಳಿನ ಮೇಲೆ ಹತ್ತುತ್ತದೆ. ರಾಶಿ ಮಷೀನ್ ಡ್ರೈವರ್ ಹೆದರಿದ್ದು ಇದಕ್ಕೇ. ಹಾಗಾಗಿ ಕತ್ತಿಯನ್ನ ಎರಡು ಅಡಿ ಬಲಕ್ಕೆ ಸರಿಸಿದೆವು. ಗೇರ್ ಬಾಕ್ಸ್ ಮಧ್ಯದಲ್ಲೇ ಇದೆ. ಅಲ್ಲಿಂದ 12 ಇಂಚಿನ ಎರಡು ಪುಲ್ಲಿ, ಸಿ ಸೆಕ್ಷನ್‌ನ ನಾಲ್ಕು ಬೆಲ್ಟ್ ಮೂಲಕ ಬಲಗಡೆಯ ಶಾಫ್ಟ್‌ಗೆ ತಿರುಗು ಹೋಗುತ್ತದೆ. ಆ ಶಾಫ್ಟ್, ಅದರ ಬೇರಿಂಗ್ ಮನೆ ಎರಡನ್ನೂ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಒಳಗೆ ಟೇಪರ್ ಬೇರಿಂಗ್. ಈಗ ಟೈರ್ ತೆರೆದ ದಾರಿ ಮೇಲೇ ಇರುತ್ತದೆ, ಕತ್ತಿ ಬದಿಯ ಕಂಟಿಯೊಳಗೆ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಬೆಲ್ಟಿನಿಂದ ಇನ್ನೊಂದು ಲಾಭ: ದೊಡ್ಡ ಏಟು ಬಿದ್ದರೆ ಬೆಲ್ಟ್ ಜಾರುತ್ತದೆ. ಆದರೆ ಬೆಲ್ಟಿಗೂ ಪೂರ್ತಿ ಮುಚ್ಚಳ ಬೇಕು. ಒಣ ಎಲೆ ಒಳಗೆ ಸೇರಿ, ಬೆಲ್ಟ್ ಜಾರಿ ಬಿಸಿಯಾದರೆ ಬೆಂಕಿ ಹತ್ತುತ್ತದೆ.

ಭಾರ ಒಂದು ಬದಿಗೆ ಬೀಳುವುದರಿಂದ ಹಳ್ಳದ ಅಂಚಿನಲ್ಲಿ, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಬಾಗುವ ಭಯ ಇದೆ. ಅಲ್ಲಿ ಕೊಡಲಿಯಿಂದಲೇ ಕಡಿಯಿರಿ. ಹಠ ಬೇಡ.

ಗುಜರಿ ಕಬ್ಬಿಣ, ಗೇರ್ ಬಾಕ್ಸ್, ಬ್ಲೇಡ್, ಲೇತ್, ವೆಲ್ಡಿಂಗ್ ಕೂಲಿ ಎಲ್ಲಾ ಸೇರಿ ಮೂರನೇ ಯಂತ್ರಕ್ಕೆ ನನಗೆ 60 ಸಾವಿರದ ಹತ್ತಿರ ಬಿತ್ತು. ಮೊದಲೆರಡು ಯಂತ್ರಕ್ಕೆ ಹೋದದ್ದು ಕಲಿಕೆಯ ಫೀಸು.

ಕೆಲಸಕ್ಕೆ ಇಳಿಯುವ ಮುಂಚೆ

1. ದಾರಿ ನಿಮ್ಮದೋ, ಊರಿನದೋ, ಪಕ್ಕದ ಹೊಲದವರದೋ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಅದು ಅಂದಾಜಿಗೆ ಮಾತ್ರ, ಗಡಿ ತೀರ್ಮಾನಕ್ಕಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿ ದಾರಿ ಗುರುತು ಇದೆಯೇ ಅಂತ ಗ್ರಾಮ ಆಡಳಿತ ಅಧಿಕಾರಿಯನ್ನ ಕೇಳಿ. ಊರ ದಾರಿ ಆದರೆ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ಕೆಲಸಕ್ಕೆ ಇಳಿಯಿರಿ.

2. ಬದಿ ಹೊಲದವರ ಜೊತೆ ಮೊದಲೇ ಕೂತು ಮಾತಾಡಿ. ನಾನು ಎಲ್ಲರ ಮನೆಗೆ ಹೋಗಿ, "ಕಾಕಾ, ನಿಮ್ಮ ಬದುವಿನ ಕಂಟಿ ಕಡಿಲಕತ್ತೀನಿ, ನೀವೂ ಬಂದು ನಿಂದ್ರಿ" ಅಂದೆ. ಒಬ್ಬರು ಅದನ್ನ ಬೇಲಿ ಅಂತ ಬಿಟ್ಟಿದ್ದರು. ಅವರ ಕಡೆ ಒಂದು ಸಾಲು ಉಳಿಸಿದೆ. ಕಂಟಿ ಕಡಿದು ಜಗಳ ಬೆಳೆಸಿದರೆ ದಾರಿ ಮತ್ತೆ ಮುಚ್ಚುತ್ತದೆ.

3. ಕೋಲು ಹಿಡಿದು ಪೂರ್ತಿ ದಾರಿ ಕಾಲಿನಲ್ಲಿ ನಡೆಯಿರಿ. ಗಡಿ ಕಲ್ಲು, ತಂತಿ, ಹಳೆ ಪೈಪ್, ಬೋರ್‌ವೆಲ್ ಕೇಬಲ್ ಕಂಡಲ್ಲೆಲ್ಲ ಉದ್ದ ಕಟ್ಟಿಗೆಗೆ ಕೆಂಪು ಬಟ್ಟೆ ಕಟ್ಟಿ ನೆಡಿ. ನಮ್ಮ ಒಂದೂವರೆ ಕಿ.ಮೀ.ಗೆ ಹದಿನೇಳು ಬಾವುಟ ಬೇಕಾದವು. ಕಮಲಾಪುರದ ಕಡೆ ಕೆಂಪು ಮಣ್ಣಿನ, ಕಲ್ಲು ಜಾಸ್ತಿ ಇರುವ ಹೊಲಗಳವರು ಕತ್ತಿಯನ್ನ ಇನ್ನೂ ಎರಡು ಇಂಚು ಎತ್ತರಿಸಿ. ಹಾಗೆ ನಡೆಯುವಾಗಲೇ ಹಾವು, ಜೇನು, ಹಕ್ಕಿ ಗೂಡು ಇದ್ದರೆ ಗೊತ್ತಾಗುತ್ತದೆ.

4. ಸಮಯ: ರಾಶಿ ಮುಗಿದ ಮೇಲೆ, ಫೆಬ್ರುವರಿಯಿಂದ. ಜಾಲಿ ಕಾಯಿ ಹಣ್ಣಾಗಿ ಉದುರುವುದಕ್ಕಿಂತ ಮುಂಚೆ. ಕಪ್ಪು ಮಣ್ಣು ಹಸಿ ಇದ್ದಾಗ ಟ್ರ್ಯಾಕ್ಟರ್ ಹೂಳುತ್ತದೆ, ದಾರಿಯೂ ಹಾಳಾಗುತ್ತದೆ.

ಓಡಿಸುವಾಗ

ಮುನ್ನೂರು ಅಡಿ ಒಳಗೆ ಯಾರೂ ಇರಬಾರದು. ಮಕ್ಕಳು, ಹೆಣ್ಣುಮಕ್ಕಳು, ದನ, ವಿಡಿಯೋ ತೆಗೆಯುವವರು ಯಾರೂ. ವಿಡಿಯೋ ಬೇಕೇ ಬೇಕು ಅಂದರೆ ಕೆಲಸ ಮುಗಿದ ಮೇಲೆ ತೆರೆದ ದಾರಿಯ ವಿಡಿಯೋ ತೆಗೆಯಿರಿ. ಅದೇ ಚೆಂದ ಇರುತ್ತದೆ.

ಪಿಟಿಒ ಶಾಫ್ಟ್‌ನ ಪ್ಲಾಸ್ಟಿಕ್ ಕೊಳವೆ ತೆಗೆದು ಓಡಿಸುವುದು ನಮ್ಮಲ್ಲಿ ಮಾಮೂಲಿ. ದಯವಿಟ್ಟು ಬೇಡ. ಅದು ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೆಗಲ ಮೇಲಿನ ಟವೆಲ್, ಧೋತರದ ತುದಿ ಸಿಕ್ಕರೆ ಕೈ ಬಿಡಿಸಿಕೊಳ್ಳುವಷ್ಟು ಹೊತ್ತೂ ಇರಲ್ಲ. ಈ ಕೆಲಸಕ್ಕೆ ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್. ಕಾಂಗ್ರೆಸ್ ಕಸ ಇದ್ದಲ್ಲಿ ಮೂಗಿಗೆ ಬಟ್ಟೆ.

ಪಿಟಿಒ ವೇಗ 540ಕ್ಕೆ ಇಟ್ಟು, ಟ್ರ್ಯಾಕ್ಟರ್‌ನ್ನ ಕೆಳಗಿನ ಗೇರಿನಲ್ಲಿ ಮನುಷ್ಯ ನಿಧಾನ ನಡೆಯುವಷ್ಟು ವೇಗದಲ್ಲಿ ಓಡಿಸಿ. ಹೆಬ್ಬೆರಳಿನಿಂದ ಎರಡು ಇಂಚು ದಪ್ಪದವರೆಗೆ ಯಂತ್ರಕ್ಕೆ. ಅದಕ್ಕಿಂತ ದಪ್ಪದ್ದು ಕೊಡಲಿ ಅಥವಾ ಗರಗಸಕ್ಕೆ. ಪಿಟಿಒ ಬಂದ್ ಮಾಡಿದ ಮೇಲೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತು, ಇಂಜಿನ್ ಆಫ್ ಆಗಿ, ಚಾವಿ ನಿಮ್ಮ ಜೇಬಿಗೆ ಬಂದ ಮೇಲೆಯೇ ಹತ್ತಿರ ಹೋಗಿ. ಎತ್ತಿದ ಯಂತ್ರದ ಕೆಳಗೆ ಕೈ ಹಾಕುವ ಮುಂಚೆ ಕಟ್ಟಿಗೆ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಬೇಡಿ.

ಗಂಟೆಗೊಮ್ಮೆ ನಿಲ್ಲಿಸಿ ರೇಡಿಯೇಟರ್ ಜಾಲರಿಯ ಹೊಟ್ಟು ತೆಗೆಯಿರಿ, ಬೋಲ್ಟ್ ನೋಡಿ, ಬೆಲ್ಟ್ ಮುಟ್ಟಿ ಬಿಸಿ ನೋಡಿ. ಬೇಸಿಗೆಯ ಒಣ ಹುಲ್ಲು, ಬಿಸಿ ಸೈಲೆನ್ಸರ್ ಎರಡೂ ಇರುವಾಗ ಇಪ್ಪತ್ತು ಲೀಟರ್ ನೀರು ಜೊತೆಗೇ ಇರಲಿ.

ಕಡಿದ ಮುಳ್ಳನ್ನ ದಾರಿ ಮೇಲೆ ಬಿಡಬೇಡಿ. ಒಣಗಿದ ಮುಳ್ಳು ಹಸಿ ಮುಳ್ಳಿಗಿಂತ ಕೆಟ್ಟದ್ದು. ಕವೆಗೋಲಿನಿಂದ ಎಳೆದು ಒಂದು ಕಡೆ ಒಟ್ಟಿ. ಒಲೆಗೆ ಒಳ್ಳೆ ಕಟ್ಟಿಗೆ.

ನಮ್ಮ ದಾರಿಗೆ ಎರಡೂ ಬದಿ ಸೇರಿ ಯಂತ್ರದ ಕೆಲಸ ಅರ್ಧ ದಿನ ಹಿಡಿಯಿತು. ಮುಳ್ಳು ಎಳೆಯಲು ನಾಲ್ಕು ಜನಕ್ಕೆ ಎರಡು ದಿನ.

ದಾರಿ ಮತ್ತೆ ಮುಚ್ಚಬಾರದು ಅಂದರೆ

ಮೊದಲೇ ಹೇಳಿದ ಮಾತು ಈಗ. ಜಾಲಿಯ ಬುಡವನ್ನ ನೆಲದಿಂದ ಒಂದು ಅಡಿ ಕೆಳಗೆ ಕತ್ತರಿಸಿ ತೆಗೆದರೆ ಅದು ಮತ್ತೆ ಏಳುವುದಿಲ್ಲ. ಮೇಲೆ ಕಡಿದು ಬಿಟ್ಟರೆ ಖಂಡಿತ ಏಳುತ್ತದೆ. ನಾವು ಹೀಗೆ ಮಾಡಿದೆವು: ದಾರಿಗೆ ಅಡ್ಡ ಬರುವ ದೊಡ್ಡ ಬೊಡ್ಡೆಗಳನ್ನ ಜೆಸಿಬಿ ತರಿಸಿ ಒಂದೇ ದಿನ ಕಿತ್ತೆವು. ಐದು ಹೊಲದವರು ಬಾಡಿಗೆ ಹಂಚಿಕೊಂಡೆವು. ಸಣ್ಣವನ್ನ ಮೊದಲ ಮಳೆಗೆ ಮಣ್ಣು ಮೆತ್ತಗಾದ ಮೇಲೆ ಗುದ್ದಲಿಯಿಂದ ಅಗೆದೆವು. ಉಳಿದ ಚಿಗುರಿಗೆ ಎರಡು ಮೂರು ತಿಂಗಳಿಗೊಮ್ಮೆ ಯಂತ್ರ ಓಡಿಸುತ್ತೇವೆ. ಬೆರಳು ದಪ್ಪ ಇದ್ದಾಗಲೇ ಕಡಿದರೆ ಡೀಸೆಲ್ಲೂ ಕಡಿಮೆ, ಬ್ಲೇಡೂ ಉಳಿಯುತ್ತದೆ. ಕಿತ್ತ ಗುಂಡಿಗೆ ಮುರುಮ್ ತುಂಬಿ, ಬದಿಗೆ ನೀರು ಹರಿಯಲು ಕಾಲುವೆ ತೆಗೆದೆವು. ಗ್ರಾಮ ಪಂಚಾಯ್ತಿಯಲ್ಲಿ ಹೊಲದ ದಾರಿ ಕೆಲಸಕ್ಕೆ ಯೋಜನೆ ಏನಿದೆ ಅಂತ ವಿಚಾರಿಸಿ. ದಾರಿ ಕಣ್ಣಿಗೆ ಕಾಣುವ ಹಾಗೆ ತೆರೆದಿದ್ದರೆ, ಎಲ್ಲರ ಒಪ್ಪಿಗೆ ಇದ್ದರೆ ಕೇಳುವುದು ಸಲೀಸು.

ಊರ ಹುಡುಗರು ಕೇಳುವ ಮೂರು ಪ್ರಶ್ನೆ

ಜೀಪಿನ ಮುಂದೆ ಕಟ್ಟಬಹುದಾ? ಬೇಡ. ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ, ಎತ್ತಿ ಇಳಿಸುವ ಹೈಡ್ರಾಲಿಕ್ ಎರಡೂ ಟ್ರ್ಯಾಕ್ಟರ್‌ನಲ್ಲಿ ತಯಾರಿ ಇವೆ. ಕೆಲಸ ಮುಗಿದ ಮೇಲೆ ಮೂರು ಪಿನ್ ತೆಗೆದರೆ ಯಂತ್ರ ಕಳಚುತ್ತದೆ. ಜೀಪಿನಲ್ಲಿ ಎಲ್ಲಾ ಹೊಸದಾಗಿ ಕೂಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಆದ ವಾಹನವನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ.

ಮಾಡುವುದಕ್ಕಿಂತ ಕೊಳ್ಳುವುದು ಮೇಲಲ್ವಾ? ಎಷ್ಟೋ ಸಲ ಹೌದು. ಈ ಯಂತ್ರ ಹೊಸದೇನಲ್ಲ. ಅಮೆರಿಕದ ಅಲಬಾಮಾದ ಸೆಲ್ಮಾ ಊರಿನಲ್ಲಿ 1951ರಲ್ಲಿ ಶುರುವಾದ ಬುಷ್ ಹಾಗ್ ಕಂಪನಿ ಇಂಥ ಯಂತ್ರದಿಂದಲೇ ಹೆಸರಾಯಿತು. ಈಗ ನಮ್ಮ ದೇಶದಲ್ಲೂ ತಯಾರಿ ಸ್ಲ್ಯಾಶರ್ ಸಿಗುತ್ತವೆ. ಮೊದಲು ಎರಡು ಕಡೆ ಕೊಟೇಶನ್ ತರಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ವಿಚಾರಿಸಿ, ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಇದೆಯೇ ಕೇಳಿ. ಮನೆಯಲ್ಲಿ ಮಾಡಿದ ಯಂತ್ರಕ್ಕೆ ಸಬ್ಸಿಡಿ ಇಲ್ಲ. ಕಡಿಮೆ ದುಡ್ಡಿಗೆ ತಯಾರಿ ಯಂತ್ರ ಸಿಕ್ಕರೆ ಅದನ್ನೇ ತನ್ನಿ, ಸರಪಳಿ ಪರದೆ ಇದೆಯೇ ಅಂತ ನೋಡಿ ತನ್ನಿ.

ದಾರಿ ಇನ್ನೂರು ಮೀಟರ್ ಅಷ್ಟೇ ಇದ್ದರೆ? ಹೆಗಲಿಗೆ ಹಾಕುವ ಬ್ರಷ್ ಕಟರ್, ಒಂದು ಕೊಡಲಿ, ನಾಲ್ಕು ಜನ ಗೆಳೆಯರು. ಸಾಕು.

ಕೊನೆಗೆ

ಹೋದ ಜನವರಿಯಲ್ಲಿ ಅದೇ ರಾಶಿ ಮಷೀನ್, ಅದೇ ಡ್ರೈವರ್ ಬಂದ. ಹೊಲದ ತನಕ ಬಂದು ಇಳಿದು, ಹಿಂದೆ ತಿರುಗಿ ದಾರಿ ನೋಡಿ, "ಅಣ್ಣಾ, ಇದೇ ದಾರಿ ಏನ್ರಿ?" ಅಂತ ಕೇಳಿದ. ಸಂಜೆಗೆ ತೊಗರಿ ಚೀಲ ಟ್ರಾಲಿಯಲ್ಲಿ ಮನೆಗೆ ಬಂತು. ಅವ್ವ ಆ ಸಲ ದಾರಿಯಲ್ಲಿ ಕಾಯಿ ಆರಿಸಲಿಲ್ಲ.

ಮುರಿದ ಬ್ಲೇಡಿನ ಆ ತುಂಡು ಈಗಲೂ ನನ್ನ ಟೂಲ್ ಬಾಕ್ಸ್‌ನಲ್ಲಿದೆ. ಯಾರಾದರೂ ಹುಡುಗರು ಬಂದು "ಅಣ್ಣಾ, ನಮಗೂ ಒಂದು ಮಷೀನ್ ಮಾಡೋದು ಕಲಿಸ್ರಿ" ಅಂದರೆ ಮೊದಲು ಅದನ್ನ ಅವರ ಕೈಗೆ ಕೊಡ್ತೀನಿ. ಆಮೇಲೆ ಕವಚದ ಅಳತೆ ಬರೆಸ್ತೀನಿ. ಕತ್ತಿಯ ಅಳತೆ ಕೊನೆಗೆ.